ಏಳು ರೊಟ್ಟಿಯ ಕಂಪ್ಯೂಟರ್

ಬಸವನ ಬಾಗೇವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಕಂಪ್ಯೂಟರ್ ಶುರುವಾಗಲು ಹಿಡಿಯುವ ಹೊತ್ತನ್ನು ನಾವು ರೊಟ್ಟಿಯಲ್ಲಿ ಅಳೆಯುತ್ತಿದ್ದೆವು. ಪಡಸಾಲೆಯಲ್ಲಿ ಅದರ ಗುಂಡಿ ಒತ್ತಿ, ಒಳಗೆ ಹೋಗಿ ಅತ್ತೆಯ ಪಕ್ಕ ಕೂತು ಅವರು ಬಡಿದ ರೊಟ್ಟಿ ಬೇಯಿಸಲು ತೊಡಗುತ್ತಿದ್ದೆ. ತಂದ ಹೊಸದರಲ್ಲಿ ಎರಡನೇ ರೊಟ್ಟಿ ಹಂಚಿನ ಮೇಲಿರುವಾಗಲೇ ಅದು ಟಣ್ ಎಂದು ರಾಗ ಎಳೆದು ತಾನು ಎದ್ದೆನೆಂದು ಹೇಳುತ್ತಿತ್ತು. ವರ್ಷ ತುಂಬುವುದರೊಳಗೆ ಆ ರಾಗ ಏಳನೇ ರೊಟ್ಟಿಗೆ ಬಂದು ನಿಂತಿತ್ತು.

ಅತ್ತೆಗೆ ಈ ಅಳತೆ ಬಹಳ ಸೇರಿತ್ತು.

“ಇವತ್ತ ಆರಕ್ಕ ಎದ್ದಿತ ನೋಡವಾ ನಿನ್ನ ಮಶೀನ. ನಿನ್ನಿಗಿಂತ ಲಗೂನ.”

“ಲಗೂ ಎದ್ದಿಲ್ಲರಿ ಅತ್ತಿ. ನೀವು ಇವತ್ತ ರೊಟ್ಟಿ ದಪ್ಪ ಬಡದೀರಿ, ಬೇಯಾಕ ತಡಾ ಆತು.”

“ಹಂಗಾರ ನಾಳಿಂದ ನೀನ ಬಡಿ. ಅಳತಿನೂ ಬರೋಬ್ಬರಿ ಆಗತೈತಿ, ನನ್ನ ರಟ್ಟಿಗೂ ಆರಾಮ.”

ನಗೆಚಾಟಿಕೆ ಅಡುಗೆಮನೆಗೆ ಮುಗಿಯುತ್ತಿತ್ತು. ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕೂತರೆ ನಾನು ಎಣಿಸುತ್ತಿದ್ದುದು ದಿನಗಳನ್ನು. ಯಾಕೆಂದರೆ ಆ ಕಂಪ್ಯೂಟರಿನೊಳಗೆ ನನ್ನ ಎಂ.ಫಿಲ್ ಪ್ರಬಂಧವಿತ್ತು, ಅದನ್ನು ಒಪ್ಪಿಸಲು ಉಳಿದದ್ದು ಒಂದು ತಿಂಗಳು.

ನಾನು ಸಿಂದಗಿ ತಾಲ್ಲೂಕಿನ ಯಂಕಂಚಿಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಯಾರೂ ಕೈಹಿಡಿದು ದಾಟಿಸಿದ್ದಲ್ಲ ಅದು. ಮೂರು ವರ್ಷ ಸಿಂದಗಿಯ ಕಾಲೇಜಿಗೆ ಬಸ್ಸಿನ ಬಾಗಿಲಲ್ಲಿ ನಿಂತು ಹೋಗಿದ್ದೇನೆ. ಕಳೆ ತೆಗೆಯುವ ಹಂಗಾಮಿನಲ್ಲಿ ಅವ್ವ ರಜೆ ಹಾಕಿಸಿ ಹೊಲಕ್ಕೆ ಕರೆದೊಯ್ದರೆ, ನೋಟ್ಸಿನ ಹಾಳೆಗಳನ್ನು ಬುತ್ತಿಯ ಗಂಟಿನಲ್ಲಿ ಕಟ್ಟಿಕೊಂಡು ಹೋಗಿ, ಊಟದ ಹೊತ್ತಿಗೆ ಬೇವಿನ ನೆರಳಿನಲ್ಲಿ ಓದಿದ್ದೇನೆ. ಎಂ.ಎ.ಯನ್ನು ಅಂಚೆ ತೆರಪಿನ ಶಿಕ್ಷಣದಲ್ಲಿ ಮುಗಿಸಿದೆ. ಮದುವೆಯಾಗಿ ಬಾಗೇವಾಡಿಗೆ ಬಂದ ಮೇಲೆ ಅಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಅರೆಕಾಲಿಕವಾಗಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಐ.ಟಿ.ಐ. ಓದಿದವರು, ನನ್ನನ್ನು ‘ಅಕ್ಕೋರ’, ಅಂದರೆ ಟೀಚರ್, ಎಂದು ಕರೆದು ಕಾಡುವವರು.

ಪ್ರಬಂಧದ ವಿಷಯ ನಾನೇ ಆರಿಸಿಕೊಂಡದ್ದು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ವಾರದ ಸಂತೆಯಲ್ಲಿ ಕೂತು ಮಾರುವ ಹೆಣ್ಣುಮಕ್ಕಳು. ಎರಡು ವರ್ಷ ಸಂತೆ ಸಂತೆ ತಿರುಗಿ ಅವರ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಕೂತು, ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಈ ತಿರುಗಾಟದಲ್ಲೇ ಕೊಟ್ಟ ಅವಧಿ ಮುಗಿದುಹೋಗಿತ್ತು. ಒಮ್ಮೆ ಹೆಚ್ಚಿಗೆ ಸಮಯ ಕೇಳಿ ಪಡೆದಿದ್ದೆ. ಮಾರ್ಗದರ್ಶಕರು ಒಳ್ಳೆಯವರು, ಆದರೆ ಅಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ್ದರು: “ಇನ್ನೊಮ್ಮೆ ಕೇಳಬ್ಯಾಡವಾ. ಈ ತಾರೀಖ ದಾಟಿತಂದ್ರ ನೋಂದಣಿ ರದ್ದ. ಆಮ್ಯಾಲ ನಾನೂ ಏನೂ ಮಾಡಾಕ ಬರೂದಿಲ್ಲ.”

ಕಂಪ್ಯೂಟರ್ ನಿಡಗುಂದಿಯಿಂದ ಬಂದದ್ದು. ಅಲ್ಲಿ ಒಂದು ಕಂಪ್ಯೂಟರ್ ಕ್ಲಾಸು ಮುಚ್ಚುವಾಗ ನನ್ನ ಗಂಡ ಹಳೆಯದೊಂದನ್ನು ಕೊಂಡು, ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ತಂದಿದ್ದರು. ನಾನು ಪ್ರಬಂಧವನ್ನು ಕೈಯಲ್ಲಿ ಬರೆಯಲೇ ಇಲ್ಲ. ಸಂತೆಯ ನೋಟ್‌ಬುಕ್ಕು ಪಕ್ಕದಲ್ಲಿಟ್ಟುಕೊಂಡು ನೇರವಾಗಿ ಟೈಪು ಮಾಡಿದೆ. ಕಾಲೇಜಿನಲ್ಲಿ ಉಳಿದವರು ಹಾಳೆ ಹಿಡಿದು ಟೈಪಿಂಗ್ ಅಂಗಡಿಗೆ ಅಲೆಯುವಾಗ ನಾನು ಮಾತ್ರ ಹೀಗೆ ಮಾಡುತ್ತಿದ್ದೇನೆಂಬ ಜಂಬ ನನಗೆ ಸಾಕಷ್ಟಿತ್ತು. ನೂರಾ ಹತ್ತು ಪುಟ ಆಗಿತ್ತು; ಕೊನೆಯ ಅಧ್ಯಾಯ ಬಾಕಿಯಿತ್ತು. ಆದರೆ ಯಂತ್ರ ಮುಂದಕ್ಕೆ ಸಾಗುತ್ತಿರಲಿಲ್ಲ. ಒಂದು ಸಾಲು ಒತ್ತಿ, ಅದು ಪರದೆಯ ಮೇಲೆ ಕಾಣುವುದನ್ನು ಕಾಯುತ್ತ ಕೂರಬೇಕು. ಪುಟ ತಿರುವಿದರೆ ಮರಳು ಗಡಿಯಾರದ ಚಿತ್ರ ಬಂದು ಕೂರುತ್ತಿತ್ತು. ಈ ಗತಿಯಲ್ಲಿ ಕೊನೆಯ ಅಧ್ಯಾಯ ಒಂದು ತಿಂಗಳಲ್ಲಿ ಮುಗಿಯುವ ಮಾತೇ ಇರಲಿಲ್ಲ.

ಒಂದು ರವಿವಾರ ನನ್ನ ಗಂಡ ಡಿಪೋದಿಂದ ಬಂದು, ಕಂಪ್ಯೂಟರ್ ಡಬ್ಬಿಯ ಹೊದಿಕೆ ಸರಿಸಿ ಕೈಯಿಟ್ಟು ಥಟ್ಟನೆ ಹಿಂತೆಗೆದರು.

“ಅಕ್ಕೋರ, ಹಂಚಿನಂಗ ಕಾದೈತಲ್ರಿ. ಇದರ ಮ್ಯಾಲ ಕೌದಿ ಯಾರು ಹೊಚ್ಚ್ಯಾರ?”

ಒಳಗಿನಿಂದ ಅತ್ತೆಯ ದನಿ ಬಂತು. “ನಾನ ಹೊಚ್ಚೇನಿ. ಧೂಳ ಬೀಳಬಾರದಂತ ನಿನ್ನ ಹೇಂತಿನ ಹೇಳ್ಯಾಳ.”

“ಅವ್ವಾ, ಅದು ಬಂದ್ ಇದ್ದಾಗ ಹೊಚ್ಚೂದು. ನಡಿಯೂ ಬಸ್ಸಿನ ಇಂಜಿನಿಗೆ ಯಾರರೆ ಕೌದಿ ಹೊಚ್ಚತಾರೇನ?”

“ನನಗೇನ ಗೊತ್ತಪಾ. ಯಾವಾಗ ನೋಡಿದ್ರೂ ಗುರ್ ಅಂತಿರ್ತೈತಿ. ಬಂದ್ ಆದದ್ದ ಯಾವಾಗ, ನಡದದ್ದ ಯಾವಾಗ!”

ಅದು ಅತ್ತೆಯೇ ಹೊಲಿದ ಕೌದಿ. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ನಾಲ್ಕು ಪದರು ಹಚ್ಚಿ ಹೊಲಿದದ್ದು. ಚಳಿಗಾಲದಲ್ಲಿ ಹೊದ್ದರೆ ಬೆವರು ಬರುವಂಥದ್ದು. ಒಂದು ವರ್ಷದಿಂದ ನಮ್ಮ ಕಂಪ್ಯೂಟರ್ ಅದನ್ನು ಹೊದ್ದು ದುಡಿಯುತ್ತಿತ್ತು.

ಗಂಡ ಸ್ಕ್ರೂ ಬಿಚ್ಚಿ ಡಬ್ಬಿಯ ಒಂದು ಪಕ್ಕದ ತಗಡು ತೆಗೆದರು. ನಾನು ಅಲ್ಲಿಯವರೆಗೆ ಕಂಪ್ಯೂಟರಿನ ಒಳಗನ್ನು ಕಂಡಿರಲಿಲ್ಲ. ಒಳಗೆ ತುಂಬ ಯಂತ್ರವಿರುತ್ತದೆ ಅಂದುಕೊಂಡಿದ್ದೆ. ಕಂಡದ್ದು ಹೆಚ್ಚಿನ ಪಾಲು ಖಾಲಿ ಜಾಗ. ಒಂದು ಹಸಿರು ಹಲಗೆ, ಅದರ ಮೇಲೆ ಒಂದು ಸಣ್ಣ ಫ್ಯಾನು. ಆ ಫ್ಯಾನಿನ ರೆಕ್ಕೆಗಳ ನಡುವೆ ಬೂದುಬಣ್ಣದ ಒಂದು ಪದರು, ಕಂಬಳಿಯ ತುಂಡಿನಂತೆ ಒತ್ತಾಗಿ ಕೂತಿತ್ತು. ಬೆರಳಿನಿಂದ ಎಳೆದರೆ ಇಡಿಯಾಗಿ ಎದ್ದು ಬಂತು. ಮೂಸಿ ನೋಡಿದೆ. ಜೋಳದ ಹಿಟ್ಟಿನ ವಾಸನೆ, ಅದರ ಜೊತೆ ಲೋಬಾನ.

ಎರಡಕ್ಕೂ ಕಾರಣ ಮನೆಯಲ್ಲೇ ಇತ್ತು. ಗಿರಣಿಯಿಂದ ತಂದ ಹಿಟ್ಟನ್ನು ಅತ್ತೆ ಗಾಳಿಗೆಂದು ಪಡಸಾಲೆಯಲ್ಲೇ ಸಾಣಿಸುತ್ತಿದ್ದರು. ಸೋಮವಾರ ಸೋಮವಾರ ದೇವರಿಗೆ ಲೋಬಾನ ಹಾಕಿ, ಆ ಹೊಗೆಯನ್ನು ತೊಟ್ಟಿಲಿಗೆ ಹಿಡಿದಂತೆ ಕಂಪ್ಯೂಟರಿಗೂ ಹಿಡಿಯುತ್ತಿದ್ದರು. ಹೊಗೆಯ ಜಿಗುಟಿಗೆ ಹಿಟ್ಟು ಅಂಟಿತ್ತು. ಅತ್ತೆ ಆ ಪದರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಇಷ್ಟ ಹಿಟ್ಟಿನ್ಯಾಗ ಒಂದ ರೊಟ್ಟಿ ಆಗತಿತ್ತು” ಅಂದರು.

ಗಂಡ ಸೈಕಲ್ ಪಂಪಿನಿಂದ ಗಾಳಿ ಹೊಡೆದರು, ಬಣ್ಣ ಹಚ್ಚುವ ಹೊಸ ಕುಂಚದಿಂದ ಮೂಲೆ ಮೂಲೆ ಗುಡಿಸಿದರು. ಮೆಮೊರಿಯ ಪಟ್ಟಿಯನ್ನು ಕಳಚಿ, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದರು. “ಡಿಪೋದಾಗ ಇಷ್ಟ ಕಿಲೋಮೀಟರಿಗೆ ಇಷ್ಟ ಕೆಲಸಾ ಅಂತ ಇರತೈತಿ. ಬಸ್ಸು ಕೆಟ್ಟಿರಲಿ, ಬಿಡಲಿ, ಮಾಡೂದ. ಕೆಟ್ಟ ಮ್ಯಾಲ ಮಾಡೂದು ರಿಪೇರಿ, ಕೆಡೂಕಿಂತ ಮದಲ ಮಾಡೂದು ನಿಗಾ” ಎಂದರು. ಮರುದಿನ ಕಂಪ್ಯೂಟರ್ ಐದು ರೊಟ್ಟಿಗೆ ಎದ್ದಿತು.

ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಬೇರೆಯದೇ ಹುಳ ಹೊಕ್ಕಿತು. ಎರಡು ರೊಟ್ಟಿ ಧೂಳಿನದು ಸರಿ. ಉಳಿದ ಮೂರು ರೊಟ್ಟಿ ಹೊತ್ತು ಇದು ಏನು ಮಾಡುತ್ತದೆ? ಪರದೆ ಕಪ್ಪಗಿರುವಾಗ ಒಳಗೆ ಕಟಕಟ ಸದ್ದಾಗುತ್ತದಲ್ಲ, ಅಲ್ಲಿ ನಡೆಯುವ ಕೆಲಸವೇನು? ನಾನು ಓದಿದವಳು, ಓದಿ ತಿಳಿಯಲಾರದ್ದು ಏನಿದೆ ಅಂದುಕೊಂಡೆ. ಕಾಲೇಜಿನ ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಒಂದು ಇಂಗ್ಲಿಷ್ ಪುಸ್ತಕವಿತ್ತು, ಕಂಪ್ಯೂಟರಿನ ಆರೈಕೆ ಕುರಿತದ್ದು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ನಿಘಂಟು. ಬಿ.ಎ. ಪರೀಕ್ಷೆಗೂ ನಾನು ಅಷ್ಟು ಶ್ರದ್ಧೆಯಿಂದ ಓದಿದ್ದಿಲ್ಲ.

ಯಂತ್ರ ಏಳುವಾಗ ತಾನೊಂದೇ ಏಳುವುದಿಲ್ಲ, ಯಾರು ಯಾರನ್ನೋ ಎಬ್ಬಿಸಿಕೊಂಡು ಏಳುತ್ತದೆ ಎಂದು ಪುಸ್ತಕ ಹೇಳಿತು. ನೋಡಿದರೆ ನಿಜ. ಹಳೆಯ ಕ್ಲಾಸಿನವರು ಹಾಕಿದ್ದ ಟೈಪಿಂಗ್ ಕಲಿಸುವ ಕಾರ್ಯಕ್ರಮ, ನಮ್ಮಲ್ಲಿ ಇಲ್ಲದೇ ಇರುವ ಪ್ರಿಂಟರನ್ನು ಹುಡುಕುವ ಕಾರ್ಯಕ್ರಮ, ಹೀಗೆ ಒಂಬತ್ತು ಇದ್ದವು. ಒಂದೊಂದನ್ನೇ ಮಲಗಿಸಿದೆ. ಕೆಲಸ ಮುಗಿದ ಮೇಲೂ ಗುಡಿಸದೆ ಬಿಟ್ಟ ತಾತ್ಕಾಲಿಕ ಕಡತಗಳು ಸಾವಿರದ ಮೇಲಿದ್ದವು, ಅಳಿಸಿದೆ. ಆಮೇಲೆ ಡಿಸ್ಕಿನಲ್ಲಿ ಚೆದುರಿದ ಕಡತಗಳ ತುಣುಕುಗಳನ್ನು ಒಂದೆಡೆ ಹೊಂದಿಸುವ ಕೆಲಸ. ಅದಕ್ಕೆ ಇಡೀ ಹಗಲು ಬೇಕು, ನಡುವೆ ಕರೆಂಟು ಹೋಗಬಾರದು. ಓಣಿಯ ಲೈನ್‌ಮನ್‌ನನ್ನು ಕೇಳಿ, ಕರೆಂಟು ಗಟ್ಟಿ ಇರುವ ದಿನ ಹಚ್ಚಿದೆ.

ಆ ದಿನ ನಾನು ಪರದೆಯ ಮುಂದಿನಿಂದ ಕದಲಲಿಲ್ಲ. ಸಣ್ಣ ಸಣ್ಣ ಬಣ್ಣದ ಚೌಕಗಳು ಒಂದೊಂದಾಗಿ ಎದ್ದು ತಮ್ಮ ಸಾಲಿಗೆ ಹೋಗಿ ಕೂರುತ್ತಿದ್ದವು. ಸಂತೆಯಲ್ಲಿ ಬೆಳಗ್ಗೆ ನಡೆಯುವುದೇ ಇದು. ಬಂದವರು ಬಂದಲ್ಲಿ ಗಂಟು ಇಳಿಸಿರುತ್ತಾರೆ. ಆಮೇಲೆ ಉಳ್ಳಾಗಡ್ಡಿಯವರು ಉಳ್ಳಾಗಡ್ಡಿಯ ಸಾಲಿಗೆ, ಪಲ್ಲೆಯವರು ಪಲ್ಲೆಯ ಸಾಲಿಗೆ ಸರಿಯುತ್ತಾರೆ. ನನ್ನ ಎರಡನೇ ಅಧ್ಯಾಯ ಪೂರಾ ಇದರ ಬಗ್ಗೆಯೇ ಇತ್ತು. ನಾಲ್ಕು ಊರು ತಿರುಗಿ ನೋಡಿದ್ದನ್ನು ಮನೆಯ ಮೂಲೆಯಲ್ಲಿ ಈ ಪೆಟ್ಟಿಗೆಯೂ ಮಾಡುತ್ತಿದೆಯಲ್ಲ ಎಂದು ನನಗೆ ಹೇಳಲಾರದಷ್ಟು ಸಂತೋಷವಾಯಿತು. ಅತ್ತೆ ಕೂಡ ಬಂದು ಕೂತು ನೋಡಿದರು. “ಆ ಕೆಂಪ ಚೌಕ ನೋಡು, ಎಲ್ಲೂ ಜಾಗಾ ಸಿಗದ ಅಡ್ಡಾಡಾಕತ್ತೈತಿ ಪಾಪ” ಅಂದರು.

ಈಗ ಮೂರೂವರೆ ರೊಟ್ಟಿ. ಪುಸ್ತಕದಲ್ಲಿ ಇನ್ನೂ ಒಂದು ಮಾತಿತ್ತು: ಫಾಂಟುಗಳು, ಅಂದರೆ ಅಕ್ಷರದ ಅಚ್ಚುಗಳು, ಅತಿಯಾದರೆ ಯಂತ್ರ ಏಳುವುದು ತಡ.

ಇದನ್ನು ಓದಿ ನನಗೆ ನಾಚಿಕೆಯಾಯಿತು. ಕಾಲೇಜಿನ ಸಹೋದ್ಯೋಗಿಯೊಬ್ಬರು ನಾಲ್ಕು ನೂರು ಕನ್ನಡ ಫಾಂಟುಗಳ ಒಂದು ಸಿ.ಡಿ. ಕೊಟ್ಟಿದ್ದರು. ಲಗ್ನಪತ್ರಿಕೆಯವರು, ಬ್ಯಾನರಿನವರು ಬಳಸುವಂಥವು. ಪುಕ್ಕಟೆ ಸಿಕ್ಕಿದ್ದೆಂದು ನಾನು ನಾಲ್ಕು ನೂರನ್ನೂ ತುಂಬಿಕೊಂಡಿದ್ದೆ. ಕನ್ನಡದ ಅಕ್ಷರ ಇಷ್ಟು ಬಗೆಯಲ್ಲಿ ಕಾಣುವುದೇ ನನಗೊಂದು ಹಬ್ಬವಾಗಿತ್ತು. ಪ್ರಬಂಧಕ್ಕೆ ಬಳಸಿದ್ದು ಮಾತ್ರ ಒಂದೇ ಒಂದು, ಯಂತ್ರದ ಜೊತೆಗೆ ನಿಡಗುಂದಿಯಿಂದಲೇ ಬಂದದ್ದು.

ಕಡೆಯ ತಾರೀಖಿಗೆ ಒಂಬತ್ತು ದಿನ ಉಳಿದಿತ್ತು. ರವಿವಾರ ಬೆಳಗ್ಗೆ ಫಾಂಟುಗಳ ಪಟ್ಟಿ ತೆರೆದು ಅಳಿಸುತ್ತ ಹೋದೆ. ಬಳ್ಳಿ ಹಬ್ಬಿದಂಥವು, ಬೆಂಕಿ ಹತ್ತಿದಂಥವು, ಹನಿ ತೊಟ್ಟಿಕ್ಕುವಂಥವು, ಎಲ್ಲ ಹೋದವು. ಕೊನೆಗೆ ನೋಡಿದರೆ ನನ್ನ ಪ್ರಬಂಧದ ಅಕ್ಷರವೇ ಎರಡು ಹೆಸರಿನಲ್ಲಿ ಎರಡು ಸಲ ಇತ್ತು. ಒಂದು ಸಿ.ಡಿ.ಯಿಂದ ಬಂದದ್ದು, ಒಂದು ಮೊದಲಿನದು. ತೆರೆದು ಪಕ್ಕಪಕ್ಕ ಇಟ್ಟು ನೋಡಿದೆ. ‘ಅ’ದಿಂದ ‘ಳ’ದವರೆಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಒಂದೇ ರೂಪದ ಎರಡು ಯಾಕೆ? ಹಳೆಯದನ್ನು ಅಳಿಸಿದೆ. ಅಳಿಸಿದ್ದು ಹೋಗಿ ಬೀಳುವ ಯಂತ್ರದ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕೆಂದು ಪುಸ್ತಕ ಹೇಳಿತ್ತು, ಅದನ್ನೂ ಮಾಡಿದೆ.

ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿ ಅಡುಗೆಮನೆಗೆ ಓಡಿದೆ. ಎರಡನೇ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಟಣ್ ಎಂದಿತು.

“ಎರಡ!” ಅಂದರು ಅತ್ತೆ, ಹಿಟ್ಟಿನ ಕೈ ಮೇಲೆತ್ತಿ. “ಯಪ್ಪಾ, ಎರಡ! ಕರೀ ನಿನ್ನ ಗಂಡನ್ನ, ನೋಡ್ಲಿ!”

ಗಂಡ ಬಂದು ನಿಂತರು. ನಾನು ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದವಳ ಠೀವಿಯಲ್ಲಿ ಪ್ರಬಂಧವನ್ನು ತೆರೆದೆ. ಅದು ಕ್ಷಣದಲ್ಲಿ ತೆರೆದುಕೊಂಡಿತು. ಪುಟದಲ್ಲಿ ಒಂದೂ ಕನ್ನಡದ ಅಕ್ಷರವಿರಲಿಲ್ಲ.

ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ಚುಕ್ಕಿ, ಟೋಪಿ. ನಡುನಡುವೆ ಎಲ್ಲೂ ಕಾಣದ ಚಿಹ್ನೆಗಳು. ನೂರಾ ಹತ್ತು ಪುಟವೂ ಹಾಗೆಯೇ. ಯೋಚಿಸಿದೆ: ಅವಳಿಯಲ್ಲಿ ಒಂದು ಉಳಿದಿದೆಯಲ್ಲ, ಅದನ್ನು ಹಚ್ಚೋಣ. ಹಚ್ಚಿದೆ. ಈಗ ಕನ್ನಡದ ಅಕ್ಷರಗಳೇ ಬಂದವು, ನೋಡಲು ಅದೇ ಚಂದ. ಆದರೆ ಓದಿದರೆ ಯಾವ ಪದವೂ ಪದವಲ್ಲ. ಕೊಂಬು ಒಂದು ಕಡೆ, ಒತ್ತು ಒಂದು ಕಡೆ.

ಫ್ಲಾಪಿಯಲ್ಲಿ ಒಂದು ಪ್ರತಿ ಇಟ್ಟಿದ್ದೆ. ಅಷ್ಟು ಜಾಣತನ ನನಗಿತ್ತು. ಫ್ಲಾಪಿ ಸರಿಯಾಗಿ ತೆರೆದುಕೊಂಡಿತು, ಅಲ್ಲಿಯೂ ಇದೇ ಕಥೆ. ಆಗಲೇ ನನಗೆ ಅರ್ಥವಾದದ್ದು. ಕಡತ ಕೆಟ್ಟಿರಲಿಲ್ಲ. ನಾನು ‘ಸಂತೆ’ ಎಂದು ಒತ್ತಿದಾಗ ಯಂತ್ರ ತನ್ನೊಳಗೆ ಬರೆದುಕೊಂಡದ್ದು ಬರೀ ಒಂದಿಷ್ಟು ಸಂಖ್ಯೆ. ಆ ಸಂಖ್ಯೆಗೆ ಯಾವ ಅಕ್ಷರ ತೋರಿಸಬೇಕೆಂಬುದು ಫಾಂಟಿನಲ್ಲಿತ್ತು. ಆ ಕಾಲದ ಕನ್ನಡ ಫಾಂಟುಗಳು ಒಂದೊಂದೂ ಒಂದೊಂದು ಸಂಖ್ಯೆಯ ಕ್ರಮ ಇಟ್ಟುಕೊಂಡಿದ್ದವು. ಮೇಲಿನ ರೂಪ ಒಂದೇ ಆದರೂ ಒಳಗಿನ ಕ್ರಮ ಬೇರೆ. ಒಂದು ವರ್ಷ ನಾನು ಕನ್ನಡದಲ್ಲಿ ಬರೆದಿದ್ದೆ. ಯಂತ್ರಕ್ಕೆ ಕನ್ನಡ ಎಂಬುದೇ ಗೊತ್ತಿರಲಿಲ್ಲ.

“ಆ ಅಚ್ಚಿನ ಹೆಸರೇನು?” ಗಂಡ ಕೇಳಿದರು.

“ನೆನಪಿಲ್ಲರಿ. ದಿನಾ ತಾನ ಬರತಿತ್ತು. ಇವತ್ತ ಪಟ್ಟ್ಯಾಗ ನೋಡಿದ್ದೂ ನಾಕನೂರ ಹೆಸರಿನ್ಯಾಗ ಕಲಸಿ ಹೋತು.”

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚಲೋ ಇತ್ತು, ಅತ್ತುಬಿಡುತ್ತಿದ್ದೆ. “ಪಾರ್ಟ್ ಕಳದೈತಿ, ಗಾಡಿ ಸುದ್ದ ಐತಿ. ಅಂಥದ್ದ ಪಾರ್ಟ್ ಎಲ್ಲಿ ಸಿಗತೈತಿ ಹುಡುಕೂದು” ಅಂದರು.

ಸೋಮವಾರ ಬಾಗೇವಾಡಿಯ ಟೈಪಿಂಗ್ ಅಂಗಡಿಗೆ ಫ್ಲಾಪಿ ಒಯ್ದೆ. ಅಂಗಡಿಯವರು ತಮ್ಮಲ್ಲಿದ್ದ ಫಾಂಟುಗಳನ್ನು ಒಂದೊಂದಾಗಿ ಹಚ್ಚಿ ನೋಡಿ ಕೈಚೆಲ್ಲಿದರು. ಮಂಗಳವಾರ ನಿಡಗುಂದಿಗೆ ಹೋದೆ. ಹಳೆಯ ಕ್ಲಾಸಿನ ಜಾಗದಲ್ಲಿ ರಸಗೊಬ್ಬರದ ಅಂಗಡಿ ಇತ್ತು. ಕ್ಲಾಸು ನಡೆಸಿದವರು ಮುದ್ದೇಬಿಹಾಳದಲ್ಲಿ ಬ್ಯಾನರ್ ಹಾಕುತ್ತಾರೆಂದು ತಿಳಿದು, ಅಂದೇ ಮಧ್ಯಾಹ್ನ ಅಲ್ಲಿಗೆ ಬಸ್ಸು ಹಿಡಿದೆ. ಬಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ ಯಾರದೋ ಸ್ವಾಗತ ಬರೆಯುತ್ತ ಕೂತಿದ್ದ ಅವರು ನನ್ನ ಕಥೆಯನ್ನೆಲ್ಲ ಕೇಳಿ ಕುಂಚ ಕೆಳಗಿಟ್ಟರು.

“ಅಕ್ಕಾರ, ಕಂಪ್ಯೂಟರ್ ಬಿಟ್ಟ ಮ್ಯಾಲ ನನ್ನ ತಲಿ ಹಗರ ಆಗೇತ್ರಿ. ಬ್ರಷ್ಷಿಗೆ ಫಾಂಟ ಬೇಕಾಗಿಲ್ಲ.”

“ನಿಮ್ಮ ತಲಿ ಹಗರ ಆತು, ನನ್ನ ತಲಿ ಮ್ಯಾಲ ಬಂತಲ್ರಿ. ಆ ಅಕ್ಷರ ಎಲ್ಲಿಂದ ತಂದಿದ್ರಿ, ಅದರೆ ನೆನಪ ಮಾಡ್ರಿ.”

ಅವರು ಬಣ್ಣ ಮೆತ್ತಿದ ಬೆರಳಿನಲ್ಲಿ ತಾವು ದುಡಿದ ಊರುಗಳನ್ನು ಎಣಿಸಿದರು. “ಇಂಡಿ. ನಾನು ಡಿ.ಟಿ.ಪಿ. ಕಲ್ತದ್ದು ಇಂಡ್ಯಾಗ, ಬಸ್ ಸ್ಟ್ಯಾಂಡ್ ಸಮೀಪ ಒಂದು ಪ್ರೆಸ್ಸಿನ್ಯಾಗ. ಅಲ್ಲಿಂದನ ಕಾಪಿ ಮಾಡ್ಕೊಂಡ ಬಂದಿದ್ದೆ. ಈಗ ಐತೋ ಇಲ್ಲೋ, ದೇವರಿಗೇ ಗೊತ್ತು.”

ಗುರುವಾರ ಇಂಡಿಗೆ ಹೊರಟೆ. ವಿಜಾಪುರದಲ್ಲಿ ಬಸ್ಸು ಬದಲಿಸಿ ಕೂತಾಗ ಲೆಕ್ಕ ಹಾಕಿದೆ: ಇನ್ನು ಐದು ದಿನ. ನಾಲ್ಕು ಬೆರಳಿನಲ್ಲಿ ಟೈಪು ಮಾಡುವ ನಾನು ನೂರಾ ಹತ್ತು ಪುಟವನ್ನು ಮತ್ತೆ ಬರೆಯುವುದು ಆಗದ ಮಾತು. ಇಂಡಿಯಲ್ಲಿ ಸಿಗದಿದ್ದರೆ ಎಂ.ಫಿಲ್ ಅಲ್ಲಿಗೆ ಮುಗಿಯಿತು. ಯಂಕಂಚಿಯಲ್ಲಿ ಅಪ್ಪ, ಮಗಳು ಇನ್ನೂ ದೊಡ್ಡ ಡಿಗ್ರಿ ಮಾಡಾಕತ್ತಾಳ ಎಂದು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಿದ್ದ. ಅವನಿಗೆ ಫಾಂಟು ಎಂದರೇನೆಂದು ಹೇಗೆ ಹೇಳುವುದೆಂದು ಯೋಚಿಸುತ್ತ ಹೋದೆ.

ಪ್ರೆಸ್ಸು ಇತ್ತು. ಒಳಗೆ ಕಂಪ್ಯೂಟರಿನ ಮುಂದೆ ಒಬ್ಬ ಹೆಣ್ಣುಮಗಳು ಕೂತಿದ್ದಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ನಿಂಬೆಹಣ್ಣಿನ ಪೆಟ್ಟಿಗೆಗೆ ಅಂಟಿಸುವ ಚೀಟಿಯ ಕೆಲಸ ಮಾಡುತ್ತಿದ್ದಳು. ನಾನು ಫ್ಲಾಪಿ ಕೊಟ್ಟು, ಎಲ್ಲ ಫಾಂಟನ್ನೂ ಒಂದೊಂದಾಗಿ ಹಚ್ಚಿ ನೋಡಬೇಕು, ಹೊತ್ತು ಹಿಡಿಯುತ್ತದೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ ಎಂದೆ. ಅವಳು ಕಡತ ತೆರೆದಳು. ಟೋಪಿ, ಚುಕ್ಕಿ, ಗೀಟಿನ ಅದೇ ಪುಟ. ಫಾಂಟಿನ ಪಟ್ಟಿಗೆ ಕೈ ಹಾಕುವ ಬದಲು ಅವಳು ಗದ್ದಕ್ಕೆ ಕೈಕೊಟ್ಟು ಆ ಪುಟವನ್ನೇ ನೋಡತೊಡಗಿದಳು.

“ವಾರದ… ಸಂತೆ… ಹೆಣ್ಣು… ಮಕ್ಕಳು,” ಎಂದು ನಿಧಾನವಾಗಿ ಓದಿದಳು. “ಹೌದಿಲ್ರಿ, ಮೇಡಂ?”

ನಾನು ಪರದೆಯ ಹತ್ತಿರ ಬಗ್ಗಿದೆ. “ನಿನಗ ಇದು ಓದಾಕ ಬರತೈತೇನವಾ?”

“ದಿನಾ ನೋಡಿ ನೋಡಿ ರೂಢಿ ಆಗೇತ್ರಿ. ಮಂದಿ ಫ್ಲಾಪಿ ತರತಾರ, ಫಾಂಟ ತರೂದಿಲ್ಲ. ಟೋಪಿ ಹಾಕಿದ ಇಂಗ್ಲಿಷ್ ಎ ಇಷ್ಟ ಸಲ ಬಂದ್ರ ಅದು ನಮ್ಮ ಹಳೇ ಅಚ್ಚ ರಿ. ಈಗ ಅದನ್ನ ಯಾರೂ ಬಳಸೂದಿಲ್ಲ. ತಡೀರಿ.”

ಕಪಾಟಿನ ಕೆಳಗಿನ ಖಾನೆಯಿಂದ ಒಂದು ಹಳೆಯ ಸಿ.ಡಿ. ತೆಗೆದು ಸೀರೆಯ ಸೆರಗಿನಿಂದ ಒರೆಸಿ ಹಾಕಿದಳು. ಮೌಸನ್ನು ಎರಡು ಸಲ ಒತ್ತಿದಳು. ಪುಟ ಒಮ್ಮೆ ಮಿಟುಕಿತು. ನನ್ನ ಸಾಲುಗಳೆಲ್ಲ ಕನ್ನಡವಾಗಿ ಎದ್ದು ನಿಂತವು, ಮಧ್ಯಾಹ್ನದ ಬಿಸಿಲಿನಲ್ಲಿ ಸಂತೆಯ ಗದ್ದಲ ಒಮ್ಮೆಲೇ ಕಿವಿಗೆ ಬಿದ್ದಂತೆ. ಅವಳು ನನ್ನ ಮುಖ ನೋಡಿ ನೀರಿನ ಚೊಂಬು ಮುಂದಿಟ್ಟಳು.

ಫಾಂಟನ್ನು ಇನ್ನೊಂದು ಫ್ಲಾಪಿಗೆ ಹಾಕಿಸಿಕೊಂಡೆ. ಆದರೂ ನಂಬಿಕೆ ಬರಲಿಲ್ಲ. ಎಲ್ಲ ಪುಟವನ್ನೂ ಇಲ್ಲಿಯೇ ಮುದ್ರಿಸಿ ಕೊಡು, ಕಾಗದದ ಮೇಲೆ ಒಮ್ಮೆ ಕಾಣಲಿ ಎಂದೆ. ಪ್ರಿಂಟರು ಕಿರ್ರೆಂದು ಒಂದೊಂದೇ ಹಾಳೆ ಉಗುಳುತ್ತಿತ್ತು. ಅವಳು ಹಾಳೆ ಜೋಡಿಸುತ್ತ ಓದುತ್ತಿದ್ದಳು. ನನ್ನ ಪ್ರಬಂಧವನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ, ಮಾರ್ಗದರ್ಶಕರಿಗೂ ಒಂದೊಂದು ಅಧ್ಯಾಯದ ಸಾರವನ್ನು ಬಾಯಲ್ಲಿ ಹೇಳಿದ್ದೆ ಅಷ್ಟೆ. ಅವಳ ಕಣ್ಣು ಸಾಲಿನಿಂದ ಸಾಲಿಗೆ ಸರಿಯುವುದನ್ನು ನೋಡುತ್ತ ಕೂತೆ. ನಾಲ್ಕನೇ ಅಧ್ಯಾಯದಲ್ಲಿ ಒಂದು ಕಡೆ ಅವಳು ನಿಂತಳು.

“ಮೇಡಂ, ಸಿಟ್ಟ ಮಾಡ್ಕೋಬ್ಯಾಡ್ರಿ. ಇದ ತಪ್ಪ ಐತ್ರಿ.”

“ಯಾವದು?”

“ಇಂಡಿ ಸಂತ್ಯಾಗ ಹೆಣ್ಣಮಕ್ಕಳು, ವ್ಯಾಪಾರಸ್ಥರು ಒಯ್ದು ಉಳಿದ ನಿಂಬಿಕಾಯಿ ತಂದು ಮಾರತಾರ ಅಂತ ಬರದೀರಿ. ಉಳಿದದ್ದಲ್ರಿ. ನಮ್ಮವ್ವ ಇಪ್ಪತ್ತ ವರ್ಷ ಆತು ಸಂತ್ಯಾಗ ಕೂಡಾಕತ್ತಿ. ತ್ವಾಟದಾಗ ಕಾಯಿ ಆರಸಾಕ ಹೋದಾಗನ ತೆಳ್ಳನ ಸಿಪ್ಪಿದು, ರಸ ಇದ್ದದ್ದು ಬ್ಯಾರೇ ಮಾಡಿ ಇಟ್ಕೋತಾಳ. ಚೀಲದಾಗ ದೂರ ಹೋದ್ರ ಅವು ಒಡೀತಾವ, ಅದಕ್ಕ ವ್ಯಾಪಾರಸ್ಥರಿಗೆ ಬ್ಯಾಡ. ಊರ ಮಂದಿಗೆ ಅವ ಬೇಕು. ಚಲೋ ಕಾಯಿ ಸಂತ್ಯಾಗ ಬರತಾವ್ರಿ, ಲಾರ್‍ಯಾಗ ಹೋಗೂದಿಲ್ಲ.”

ನಾನು ಇಂಡಿ ಸಂತೆಯಲ್ಲಿ ಆರು ವಾರ ಕೂತಿದ್ದೆ. ಎಷ್ಟು ಕಾಯಿ, ಎಲ್ಲಿಂದ ತರುತ್ತೀರಿ, ಮಾರಾಟವಾಗದೆ ಉಳಿದರೆ ಏನು ಮಾಡುತ್ತೀರಿ, ಎಲ್ಲ ಕೇಳಿದ್ದೆ. ಈ ಕಾಯನ್ನೇ ಯಾಕೆ ತಂದಿರಿ ಎಂದು ಒಬ್ಬಳನ್ನೂ ಕೇಳಿರಲಿಲ್ಲ. ದೊಡ್ಡವರು ಕೊಂಡು ಬಿಟ್ಟದ್ದೇ ಇವರ ಪಾಲಿಗೆ ಎಂದು ಮೊದಲೇ ತಿಳಿದುಕೊಂಡು ಹೋಗಿದ್ದೆ. ಹೊಲದಿಂದ ಬಂದ ನಾನೇ ಹಾಗೆ ತಿಳಿದದ್ದು ನನಗೆ ಈಗಲೂ ಆಶ್ಚರ್ಯ.

“ನಿಮ್ಮ ಅವ್ವ ಎಲ್ಲಿ ಕೂಡತಾಳ ಸಂತ್ಯಾಗ?” ಕೇಳಿದೆ.

“ಬಾವಿ ಬಾಜೂಕ ರಿ, ಬೇವಿನ ಗಿಡದ ಬುಡಕ. ಯಾಕ್ರಿ?”

ನಾನು ನೋಟ್‌ಬುಕ್ಕು ತೆಗೆದು ಅವಳ ಅವ್ವನ ಹೆಸರು ಬರೆದುಕೊಂಡೆ. ಆ ಪುಟವನ್ನು ಮತ್ತೆ ತೆರೆಸಿ, ತಪ್ಪಿದ್ದ ಸಾಲನ್ನು ಅಳಿಸಿದೆ. ಹೊಸದನ್ನು ನಾನು ಹೇಳಿದೆ, ಅವಳು ಒತ್ತಿದಳು. ಎರಡು ಕಡೆ ‘ಹಂಗಲ್ರಿ’ ಎಂದು ತಿದ್ದಿದಳು. ಹತ್ತೂ ಬೆರಳು ಬಳಸುತ್ತಿದ್ದಳು, ಕೀಲಿಗಳನ್ನು ನೋಡುತ್ತಲೇ ಇರಲಿಲ್ಲ.

ಮನೆಗೆ ಬಂದು ಆ ಒಂದು ಫಾಂಟನ್ನು ಮಾತ್ರ ತುಂಬಿದೆ, ಹೆಸರನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದಿಟ್ಟೆ. ಯಂತ್ರ ಈಗ ನನ್ನ ಬೆರಳಿಗೆ ಸರಿಯಾಗಿ ಓಡುತ್ತಿತ್ತು. ಕೊನೆಯ ಅಧ್ಯಾಯ ಮೂರೇ ದಿನದಲ್ಲಿ ಮುಗಿಯಿತು. ಆ ಅಧ್ಯಾಯದ ಮೊದಲ ಪುಟವನ್ನು, ‘ಉಳಿದದ್ದು’ ಎಂದು ನಾನು ಬರೆದಿದ್ದ ಇನ್ನೂ ನಾಲ್ಕು ಜಾಗಗಳನ್ನು ತಿದ್ದಿದ ಮೇಲೆಯೇ ಶುರುಮಾಡಿದೆ.

ಕಡೆಯ ದಿನ ಬೆಳಗ್ಗೆ, ಟೈಪಿಂಗ್ ಅಂಗಡಿಯಲ್ಲಿ ಮುದ್ರಿಸಿ ರಟ್ಟು ಕಟ್ಟಿಸಿದ ಪ್ರತಿಗಳನ್ನು ಮಾರ್ಗದರ್ಶಕರ ಮೇಜಿನ ಮೇಲಿಟ್ಟೆ. ಅವರು ಸಹಿ ಹಾಕುವ ಮೊದಲು ಅಲ್ಲಲ್ಲಿ ತಿರುವಿ ನೋಡಿ, ನಾಲ್ಕನೇ ಅಧ್ಯಾಯದಲ್ಲಿ ಬೆರಳಿಟ್ಟರು.

“ಈ ಮಾತ ನೀ ಮದಲ ಹೇಳಿರಲಿಲ್ಲ. ಯಾವ ಪುಸ್ತಕದ್ದವಾ? ಆಧಾರ ಎಲ್ಲೈತಿ?”

“ಕೆಳಗ ಐತಿ ನೋಡ್ರಿ ಸರ.”

ಅವರು ಕನ್ನಡಕ ಏರಿಸಿ ಅಡಿಟಿಪ್ಪಣಿ ಓದಿದರು. ಅಲ್ಲಿ ಪುಸ್ತಕದ ಹೆಸರಿರಲಿಲ್ಲ. ಒಬ್ಬ ಹೆಣ್ಣುಮಗಳ ಹೆಸರಿತ್ತು. ಅದರ ಮುಂದೆ, ನಿಂಬೆಕಾಯಿ ವ್ಯಾಪಾರ, ಇಂಡಿ ಸಂತೆ, ಬಾವಿಯ ಪಕ್ಕ, ಬೇವಿನ ಮರದ ಬುಡ. ಅವರು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.